ರಹಿಮತಬಿಯ ಗಿರಣಿ, ಕರಬಸಪ್ಪನ ಗೋಡೆ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದನ್ನು ಕುಟ್ಟಿ ಕೊಡುವ ರಹಿಮತಬಿಗೆ ಮಾತ್ರ ಎರಡೂ ಹೆಚ್ಚು. ಐವತ್ನಾಲ್ಕು ವರ್ಷದ ಈ ಹೆಂಗಸಿನ ಎದುರು ನಿಂತು ಜಗಳ ಗೆದ್ದವರು ಆ ಓಣಿಯಲ್ಲಿ ಯಾರೂ ಇಲ್ಲ. ಮನೆಯಲ್ಲಿ ಉರ್ದು, ಗಿರಣಿಯಲ್ಲಿ ಕನ್ನಡ. ಜಗಳಕ್ಕೆ ಒಂದು ಭಾಷೆ ಸಾಲದೆ ಎರಡನ್ನೂ ಬಳಸುತ್ತಾಳೆ.

ಅವಳಿಗೆ ಇನ್ನೊಂದು ಚಟವಿದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದು ನೋಡುವುದು. ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡುವುದು ಎಲ್ಲರಿಗೂ ರೂಢಿ. ರಹಿಮತಬಿ ಸಂತೆಗೆ ಹೋದರೆ ಕುಂಬಾರನ ಸಾಲಿನ ಅಷ್ಟೂ ಗಡಿಗೆ ಬಡಿದು, ದನಿ ಸತ್ತ ಎರಡು ಮೂರನ್ನು ಬೇರೆ ಇಟ್ಟು, "ಇವನ್ನ ಯಾರ ತಲಿಗೆ ಕಟ್ಟಾಂವ ಇದ್ದಿ?" ಎಂದು ಕೇಳಿ, ತಾನು ಮಾತ್ರ ಒಂದನ್ನೂ ಕೊಳ್ಳದೆ ಎದ್ದು ಬರುತ್ತಾಳೆ. ಹಂಚು, ಇಟ್ಟಿಗೆ, ಕೊಡ, ಕಬ್ಬಿಣದ ಸಲಾಕೆ, ಯಾವುದನ್ನೂ ಬಿಡುವುದಿಲ್ಲ. ಅದಕ್ಕೆಂದೇ ಅವಳ ಬಳಿ ತಂದೆಯ ಕಾಲದ ಸಣ್ಣ ಸುತ್ತಿಗೆಯೊಂದಿದೆ.

ತಂದೆ ಮಲ್ಲಿಕಸಾಬ ಕರ್ಜಗಿಯವನು. ರೈಲಿನ ಹಳಿ ಕಾಯುವ ಕೆಲಸ. ಬೆಳಗಾದರೆ ಹೆಗಲ ಮೇಲೆ ಸುತ್ತಿಗೆ, ಕಂಕುಳಲ್ಲಿ ಸುತ್ತಿದ ಕೆಂಪು ಬಾವುಟ, ಹಳಿಗುಂಟ ಮೈಲುಗಟ್ಟಲೆ ನಡಿಗೆ. ಅಲ್ಲಲ್ಲಿ ಹಳಿಗೆ ಒಂದು ಪೆಟ್ಟು ಕೊಟ್ಟು ಕಿವಿಗೊಡುತ್ತಿದ್ದ. ಗಟ್ಟಿ ಕಬ್ಬಿಣ ಠಣ್ಣೆಂದು ಬಹಳ ಹೊತ್ತು ಹಾಡುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಅಲ್ಲಿಗೇ ಮುಗಿಯುತ್ತದೆ. ಮಗಳಿಂದ ಹಳಿಯ ಮೇಲೆ ಕಿವಿ ಇಡಿಸಿ, ಇನ್ನೂ ಕಣ್ಣಿಗೆ ಬೀಳದ ಗಾಡಿಯ ಗಾಲಿಯ ಸದ್ದು ಕೇಳಿಸಿದ್ದ.

"ಸದ್ದು ಗಾಳಿಯಾಗ ನಡಕೋತ ಬರ್ತೈತಿ, ಕಬ್ಬಿಣದಾಗ ಓಡ್ಕೋತ ಬರ್ತೈತಿ, ತಿಳೀತೇನವಾ?" ಎನ್ನುತ್ತಿದ್ದ.

ಒಮ್ಮೆ ಹೀಗೇ ಬಡಿಯುವಾಗ ಒಂದು ಹಳಿ ಠಪ್ಪೆಂದಿತು. ಕಣ್ಣಿಗೆ ಏನೂ ಕಾಣಲಿಲ್ಲ. ಆದರೂ ಮಲ್ಲಿಕಸಾಬ ಬಾವುಟ ಬಿಚ್ಚಿ ನಡುಹಳಿಯಲ್ಲಿ ನಿಂತು ಸರಕಿನ ಗಾಡಿ ನಿಲ್ಲಿಸಿದ. ಡ್ರೈವರ್ ಇಳಿದು ಬಂದು ಬಗ್ಗಿ ನೋಡಿ, ಏನೂ ಕಾಣದೆ, ಇವನ ಹಿರಿಯರನ್ನೆಲ್ಲ ನೆನೆಸಿಕೊಂಡು ಬೈದ. ವಾರದ ಮೇಲೆ ಆ ತುಂಡು ಕತ್ತರಿಸಿ ತೆಗೆದಾಗ ಹೊಟ್ಟೆಯೊಳಗೆ ಬೆರಳುದ್ದದ ಬಿರುಕು ಇತ್ತು. ಅಂದು ಮನೆಯಲ್ಲಿ ಊಟಕ್ಕೆ ಕೂತು ಅವನು ಹೇಳಿದ ಮಾತು ರಹಿಮತಬಿಗೆ ಇಂದಿಗೂ ನೆನಪಿದೆ: "ಕಿವಿಗೆ ಬೀಳದಿದ್ರ ಪಾಪ ಇಲ್ಲ. ಕೇಳಿದ ಮ್ಯಾಲ ಸುಮ್ಮನ ಇದ್ದಾಂವ ಹಲ್ಕಟ್."

ಈ ಮಗಳನ್ನು ಬ್ಯಾಡಗಿಯ ಕಾಸೀಮಸಾಬನಿಗೆ ಕೊಟ್ಟರು. ಕಾಸೀಮಸಾಬನದು ಮಾತು ಕಡಿಮೆ, ಕೈಕೆಲಸ ಹೆಚ್ಚು. ಇಪ್ಪತ್ತಾರು ವರ್ಷದ ಹಿಂದೆ ಮನೆಯ ಮುಂಭಾಗದಲ್ಲಿ ಖಾರ ಕುಟ್ಟುವ ಗಿರಣಿ ಹೂಡಿದ. ನಾಲ್ಕು ಕಬ್ಬಿಣದ ಒನಕೆ, ನಾಲ್ಕು ಒರಳು, ಮೇಲೆ ತಿರುಗುವ ಒಂದು ದಂಡ. ದಂಡ ತಿರುಗಿದಂತೆ ಒನಕೆಗಳು ಒಂದರ ಹಿಂದೊಂದು ಎದ್ದು ಬೀಳಬೇಕು. ಎರಡು ಕೂಡಿ ಬಿದ್ದರೆ ಮನೆಯ ಭಾಂಡೆಗಳೆಲ್ಲ ಗಲಗಲ ಎನ್ನುತ್ತವೆ. ಆ ಲೆಕ್ಕ ತಪ್ಪದಂತೆ ಕೂರಿಸಿದ. ಆಮೇಲೆ ಯಂತ್ರದ ಬುಡದ ನಾಲ್ಕೂ ಕಡೆ ಮೊಳದಗಲ, ಆಳೆತ್ತರಕ್ಕೆ ಸ್ವಲ್ಪ ಕಡಿಮೆ ಆಳದ ಗುಂಡಿ ತೋಡಿ, ಜರಡಿ ಹಿಡಿದ ಮರಳೂ ಕಟ್ಟಿಗೆಯ ಹೊಟ್ಟೂ ತುಂಬಿ, ಮೇಲೆ ಹಲಿಗೆ ಹಾಸಿದ. ಯಾಕೆ ಎಂದು ಹೆಂಡತಿ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸೋರಿದ ಖಾರ ಬೀಳಲಿ ಎಂದಿರಬೇಕು ಎಂದುಕೊಂಡಳು.

ಗಿರಣಿ ಮತ್ತು ಪಕ್ಕದ ಮನೆಯ ನಡುವೆ ಇದ್ದದ್ದು ಒಂದೇ ಗೋಡೆ, ಹಳೆಯ ಮಣ್ಣುಕಲ್ಲಿನದು. ಮೊದಲ ದಿನ ಯಂತ್ರ ಹೊರಡಿಸುವ ಮುಂಚೆ ಕಾಸೀಮಸಾಬ ಪಕ್ಕದ ಮನೆಗೆ ಹೋಗಿ, ಆ ಗೋಡೆಯ ಗೂಡಿನಲ್ಲಿ ಒಂದು ತಾಟು ಇಟ್ಟು, ಅದರಲ್ಲಿ ಒಂದು ಹಿಡಿ ಸಾಸಿವೆ ಹರವಿ, "ಒಂದು ಕಾಳು ಅಲ್ಲಾಡಿದ್ರೂ ಗಿರಣಿ ಕಿತ್ತು ಒಯ್ತೇನ್ರಿ" ಎಂದು ಮನೆಯ ಯಜಮಾನನಿಗೆ ಮಾತು ಕೊಟ್ಟಿದ್ದ. ನಾಲ್ಕು ಒನಕೆ ಕುಟ್ಟಿದರೂ ಒಂದು ಕಾಳು ಕದಲಲಿಲ್ಲ. ಯಜಮಾನ ಹೂಂ ಅಂದ. ಅವನಿದ್ದಷ್ಟು ದಿನ ಎರಡು ಮನೆಗಳ ನಡುವೆ ಎಲೆ ಅಡಿಕೆ, ಹಬ್ಬದ ಹೋಳಿಗೆ, ಈದಿನ ಸುರ್ಕುಂಬಾ ಓಡಾಡಿಕೊಂಡಿದ್ದವು.

ಯಜಮಾನ ಹೋದ. ಐದು ವರ್ಷದ ಹಿಂದೆ ಕಾಸೀಮಸಾಬನೂ ಹೋದ. ಉಳಿದವರು ಈ ಕಡೆ ರಹಿಮತಬಿ, ಅವಳ ಮಗಳು ಅಲ್ಮಾಸ. ಆ ಕಡೆ ಯಜಮಾನನ ಮಗ ಕರಬಸಪ್ಪ, ಅವನ ತಾಯಿ ಸುಶೀಲವ್ವ. ಹೋಳಿಗೆ ನಿಂತಿತು.

ಕರಬಸಪ್ಪನಿಗೆ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ. ಮಾಘ ಬಂದರೆ ಊರ ಹೆಂಗಸರು ವರ್ಷದ ಖಾರಕ್ಕೆಂದು ಹುರಿದ ಮೆಣಸಿನಕಾಯಿ, ಕೊತ್ತಂಬರಿ, ಒಣಕೊಬ್ಬರಿ ತಂದು ರಹಿಮತಬಿಯ ಗಿರಣಿಗೆ ಸಾಲು ಹಚ್ಚುತ್ತಾರೆ, ಘಾಟು ಓಣಿ ತುಂಬುತ್ತದೆ, ಕರಬಸಪ್ಪ ಹೊಸ್ತಿಲಿಗೆ ಬಂದು ಸೀನುತ್ತಾನೆ, ಒಂದು ಬೈಗುಳ, ಮತ್ತೊಂದು ಸೀನು.

"ಮೆಣಸಿನಕಾಯಿ ಮಾರಿ ಮಾಳಿಗಿ ಏರಿಸಿದಾಂವಗ ಮೆಣಸಿನಕಾಯಿ ವಾಸ್ನಿ ಆಗಂಗಿಲ್ಲಂತ!" ಎಂದು ರಹಿಮತಬಿ ಸಾಲಿನ ಹೆಂಗಸರಿಗೆ ಕೇಳುವಂತೆ, ಅಂದರೆ ಕರಬಸಪ್ಪನಿಗೂ ಕೇಳುವಂತೆ, ಹೇಳುತ್ತಿದ್ದಳು. ಅವನು ಗಿರಣಿಗೆ ಭೂಕಂಪ ಎಂದು ಹೆಸರಿಟ್ಟ. ಅವಳು ಅವನಿಗೆ ಸೀನಪ್ಪ ಎಂದು ಹೆಸರಿಟ್ಟಳು. ಎತ್ತು ಏರಿಗೆ, ಕೋಣ ನೀರಿಗೆ. ಹೀಗೆ ಮೂರು ವರ್ಷ ಎಳೆದಾಡಿದರು.

ಹೋದ ವರ್ಷ ಆ ನಡುಗೋಡೆಯಲ್ಲಿ, ಕರಬಸಪ್ಪನ ಕಡೆಗೆ, ಬಿರುಕು ಕಾಣಿಸಿತು. ಸುಶೀಲವ್ವ ಮಲಗುವ ಕೋಣೆ ಅದು. ಎಂಬತ್ತು ದಾಟಿದ ಮುದುಕಿ, ಸೊಂಟ ಮುರಿದು ಮಂಚ ಹಿಡಿದು ಎರಡು ವರ್ಷ. ತಲೆದಿಂಬಿನ ಹತ್ತಿರ ಹೊರಟ ಗೆರೆ ವರ್ಷ ಕಳೆಯುವುದರಲ್ಲಿ ಜಂತೆಯವರೆಗೆ ಏರಿತು. ಕರಬಸಪ್ಪ ಪುರಸಭೆಗೆ ಅರ್ಜಿ ಕೊಟ್ಟ: ಗಿರಣಿಯ ಹೊಡೆತಕ್ಕೆ ನನ್ನ ಗೋಡೆ ಸೀಳಿದೆ, ಗಿರಣಿ ಮುಚ್ಚಿಸಬೇಕು.

ರುದ್ರಮುನಿ ಎಂಬ ಯುವ ಎಂಜಿನಿಯರ್ ಬಂದ. ಎರಡೂ ಕಡೆಯ ಕೂಗಾಟ ಕೇಳಿ, ಹಣೆ ಒರೆಸಿಕೊಂಡು, ಬಿರುಕಿನ ಮೇಲೆ ಮೂರು ಕಡೆ ತೆಳುವಾದ ಗಾಜಿನ ಪಟ್ಟಿ ಅಡ್ಡ ಇಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿ, ಪಕ್ಕದಲ್ಲಿ ತಾರೀಖು ಬರೆದ.

"ಬಿರುಕು ಅಗಲ ಆದ್ರ ಗಾಜು ತಡ್ಯಂಗಿಲ್ಲ, ಸೀಳ್ತೈತಿ" ಎಂದು ವಿವರಿಸಿದ. "ಒಂದು ತಿಂಗಳು ನೋಡೂಣು. ಒಡದ್ರ ಗಿರಣಿಗೆ ಬೀಗ. ಒಡೀದಿದ್ರ ಅರ್ಜಿ ವಜಾ. ಯಾರೂ ಮುಟ್ಟಬ್ಯಾಡ್ರಿ."

"ನಾ ಯಾಕ ಅವರ ಮನಿ ಗ್ವಾಡಿ ಮುಟ್ಟಲಿ? ಕೈ ತೊಳಕೊಳ್ಳಾಕ ನೀರು ಯಾರು ತರೋರು?" ಎಂದಳು ರಹಿಮತಬಿ.

ಗಿರಣಿಗೆ ಬೀಗ ಬಿದ್ದರೆ ತಾಯಿ ಮಗಳಿಗೆ ಬೇರೆ ದಾರಿ ಇರಲಿಲ್ಲ. ಅದೇ ಹಂಗಾಮಿನ ಮೇಲೆ ವರ್ಷವಿಡೀ ಬದುಕು. ಅಲ್ಮಾಸ ಮೆಲ್ಲಗೆ, "ಅಮ್ಮೀ, ತಿಂಗಳ ಮಟ್ಟಿಗೆ ಎರಡು ಒನಕೆ ಎತ್ತಿ ಕಟ್ಟೂಣೇನು?" ಎಂದು ಕೇಳಿದ್ದಕ್ಕೆ ತಾಯಿ ಉರಿದುಬಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತನ್ನದಲ್ಲ ಎಂದಳು. ನಾಲ್ಕೂ ಒನಕೆ ಬೆಳಗಿನಿಂದ ಸಂಜೆವರೆಗೆ ಬಿದ್ದವು.

ಹತ್ತೊಂಬತ್ತನೆಯ ದಿನ ಬೆಳಗ್ಗೆ ಕರಬಸಪ್ಪ ಓಣಿಯಲ್ಲಿ ನಿಂತು ಕೂಗಿದ: "ಒಡೀತು! ಗಾಜು ಒಡೀತು! ಬರ್ರಿ ಎಲ್ಲಾರೂ ನೋಡ್ರಿ!" ಸಾಲಿನಲ್ಲಿದ್ದ ಹೆಂಗಸರು ಬುಟ್ಟಿ ಬಿಟ್ಟು ಓಡಿದರು. ಎರಡು ತಾಸಿನಲ್ಲಿ ರುದ್ರಮುನಿ ಬೈಕಿನ ಮೇಲೆ ಬಂದಿಳಿದ. ರಹಿಮತಬಿ ಕರೆಯದಿದ್ದರೂ ಸೆರಗು ಬಿಗಿದು, ಸುತ್ತಿಗೆ ಹಿಡಿದು ಒಳನುಗ್ಗಿದಳು. ಐದು ವರ್ಷದ ಮೇಲೆ ಆ ಹೊಸ್ತಿಲು ದಾಟಿದ್ದು ಅಂದೇ.

ಮೂರರಲ್ಲಿ ಎಲ್ಲಕ್ಕೂ ಕೆಳಗಿನ ಪಟ್ಟಿ, ಮಂಚದ ತಲೆಯ ಹತ್ತಿರದ್ದು, ಒಡೆದಿತ್ತು. ರುದ್ರಮುನಿ ಪೆನ್ನು ತೆಗೆದ. ಕರಬಸಪ್ಪನ ಮುಖ ಅರಳಿತ್ತು.

"ಸಾಹೇಬ್ರ, ಪೆನ್ನು ಒಳಗ ಇಡ್ರಿ" ಎಂದಳು ರಹಿಮತಬಿ. ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ಗಾಜು ನೋಡಿದಳು. ಒಂದು ಕಡೆ ಸಾಸಿವೆಯಷ್ಟು ಜಾಗ ಬೆಳ್ಳಗೆ ಪುಡಿಯಾಗಿತ್ತು; ಅಲ್ಲಿಂದ ಐದಾರು ಗೆರೆ ಸುತ್ತಲೂ ಹರಿದಿದ್ದವು. "ಬಿರುಕು ಎಲ್ಲೈತಿ? ಇಲ್ಲಿ. ಗಾಜು ಒಡದದ್ದು ಎಲ್ಲಿ? ಎರಡು ಬೆರಳು ಆಕಡೆ. ಗ್ವಾಡಿ ಒಂದು ಕಡೆ ಸೀಳಿದ್ರ ಗಾಜು ಇನ್ನೊಂದು ಕಡೆ ಸೀಳ್ತೈತೇನ್ರಿ?"

"ಸೂಕ್ಷ್ಮ ನೋಡಿದ್ರ..." ಎಂದು ರುದ್ರಮುನಿ ತಾನೂ ಬಗ್ಗಿದ.

"ಇನ್ನೂ ಸೂಕ್ಷ್ಮ ತೋರಿಸ್ತೇನಿ. ನಿಮ್ಮ ಚೀಲದಾಗ ಉಳಿದ ಪಟ್ಟಿ ಅದಾವಲ್ಲ, ಎರಡು ಕೊಡ್ರಿ." ಅವನು ಕೊಟ್ಟ. ಒಂದನ್ನು ಸೆರಗಿನಲ್ಲಿ ಹಿಡಿದು ಎರಡು ತುದಿಗೂ ಬಲ ಕೊಟ್ಟು ಬಗ್ಗಿಸಿದಳು. ಟಕ್ಕೆಂದು ಒಂದೇ ಗೆರೆಯಲ್ಲಿ ನೀಟಾಗಿ ಎರಡಾಯಿತು. ಇನ್ನೊಂದನ್ನು ಕಟ್ಟೆಯ ಮೇಲಿಟ್ಟು ತಂದೆಯ ಸುತ್ತಿಗೆಯ ಮೂಲೆಯಿಂದ ಕುಟುಕಿದಳು. ನಡುವೆ ಬಿಳಿ ಚುಕ್ಕೆ, ಸುತ್ತ ಐದಾರು ಗೆರೆ. ಗೋಡೆಯ ಮೇಲಿನದೂ ಇದೂ ಅವಳಿಜವಳಿ.

"ಎಳದ್ರ ಹಂಗ ಒಡೀತೈತಿ, ಹೊಡದ್ರ ಹಿಂಗ ಒಡೀತೈತಿ. ನನ್ನ ಒನಕೆಗೆ ಕೈ ಇಲ್ಲ ಸಾಹೇಬ್ರ, ಗ್ವಾಡಿ ದಾಟಿ ಬಂದು ಇಷ್ಟ ಜಾಗಕ್ಕ ಚುಚ್ಚಾಕ. ಇದು ಸೀನಪ್ಪನ ಕೆಲಸ!"

ಹೆಂಗಸರು ನಕ್ಕರು. ಕರಬಸಪ್ಪ ಕೆಂಪಾದ. "ನಮ್ಮಪ್ಪನ ಆಣಿ, ನಾ ಮುಟ್ಟಿಲ್ಲ!"

"ಸತ್ತೋರನ್ನ ಯಾಕ ಎಬ್ಬಸ್ತೀರಿ ಸಾವಕಾರ್ರ? ಇದ್ದೋರ ಬಾಯಾಗ ಖರೇ ಇಟ್ಕೊಳ್ರಿ."

ಮೇಲಿನ ಎರಡು ಪಟ್ಟಿ ಇಡಿಯಾಗಿದ್ದವು. ರುದ್ರಮುನಿ ಗಂಟಲು ಸರಿಮಾಡಿಕೊಂಡು, ಇದು ಹೊಡೆತದಿಂದ ಒಡೆದದ್ದೇ, ಗೋಡೆ ಸರಿದು ಒಡೆದದ್ದಲ್ಲ, ಗಿರಣಿಯ ದೋಷ ಸಿದ್ಧವಾಗಿಲ್ಲ ಎಂದು ಬರೆಯುವುದಾಗಿ ಹೇಳಿ, ಕಾಗದ ತಯಾರಿಸಲು ಪಡಸಾಲೆಗೆ ನಡೆದ. ಕರಬಸಪ್ಪ ಅವನ ಬೆನ್ನು ಹತ್ತಿ ವಾದಿಸುತ್ತ ಹೋದ. ಜನ ಅವರ ಹಿಂದೆ ಸರಿದರು. ರಹಿಮತಬಿಗೆ ಎದೆ ಉಬ್ಬಿ ಕುಪ್ಪಸ ಬಿಗಿಯಾಗಿತ್ತು. ಗೆದ್ದಿದ್ದಳು, ಅದೂ ವೈರಿಯ ಮನೆಯಲ್ಲಿ ನಿಂತು.

"ಗಾಜು ನಾನ ಒಡದೀನಿ" ಎಂದಿತು ಮಂಚದ ಮೇಲಿನ ದನಿ.

ರಹಿಮತಬಿ ತಿರುಗಿದಳು. ಸುಶೀಲವ್ವ ದಿಂಬಿನ ಪಕ್ಕದಿಂದ ಎಲೆ ಅಡಿಕೆ ಕುಟ್ಟುವ ಕುಟ್ಟಾಣಿಯ ಕಬ್ಬಿಣದ ಕಡ್ಡಿ ಎತ್ತಿ ತೋರಿಸಿದಳು. ಹಲ್ಲಿಲ್ಲದ ಬಾಯಿ, ಕಣ್ಣು ಮಾತ್ರ ಚುರುಕು.

"ಯಾಕ್ರಿ ಅವ್ವಾರ?"

"ತಿಂಗಳು ನೋಡೂಣು ಅಂತಾನ ಆ ಹುಡುಗ. ನೋವಾಗಾಕತ್ತಿದ್ದು ನನಗೋ ಅವಗೋ? ನಿನ್ನ ಒನಕಿ ಬಿದ್ದಾಗೊಮ್ಮೆ ನನ್ನ ಮುರದ ಎಲುವಿನಾಗ ಬೀಳ್ತೈತಿ. ಗಾಜಿನ ಮಾತು ಕೇಳ್ತೀರಿ, ನನ್ನನ್ನ ಒಬ್ರರ ಕೇಳೀರೇನು?"

"ನಿಮಗ ವಯಸ್ಸಾಗೇತಿ, ಎಲ್ಲಾ ಹಂಗ ಅನಸ್ತೈತಿ. ನನ್ನ ಗಿರಣಿ ಹೊಡತಾ ಈಕಡೆ ದಾಟಂಗಿಲ್ಲ. ಸಾಸಿವಿ ಇಟ್ಟು ತೋರಿಸಿ ಹೋದ ನನ್ನ ಗಂಡ."

"ತೋರಿಸಿದ್ದ. ಇಲ್ಲೇ, ಈ ಗೂಡಿನಾಗ. ನಾನ ಕೊಟ್ಟಿದ್ದೆ ಸಾಸಿವಿ." ಮುದುಕಿ ಗೂಡಿನತ್ತ ಬೆರಳು ಮಾಡಿದಳು. ಅಲ್ಲಿ ಒಂದು ತಾಟು, ತಾಟಿನಲ್ಲಿ ಹರವಿದ ಸಾಸಿವೆ. "ಒಂದು ವರ್ಷದಿಂದ ಇಟಕೊಂಡೀನಿ. ಮಲಗಿದಲ್ಲೇ ನೋಡ್ತೇನಿ. ಈಗ ನೀನೂ ನೋಡು. ಹೊರಡಸು ನಿನ್ನ ಗಿರಣಿ."

ರಹಿಮತಬಿ ಗೋಡೆಗೆ ಬಾಯಿ ಹಚ್ಚಿ, "ಅಲ್ಮಾಸ್! ಚಾಲೂ ಕರ್!" ಎಂದು ಕೂಗಿದಳು. ಸೋಲಿನ ಅಂಜಿಕೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ.

ಆಚೆ ಮೋಟರ್ ಗುರ್ರೆಂದಿತು. ಮೊದಲ ಒನಕೆ ಬಿತ್ತು. ಸಾಸಿವೆ ನಡುಗಿತು. ಎರಡು, ಮೂರು, ನಾಲ್ಕು. ಕಾಳುಗಳು ಪುಟಿದವು, ತಾಟಿನ ಅಂಚಿಗೆ ಓಡಿದವು, ಮತ್ತೆ ನಡುವೆ ಬಂದು ಗೆರೆಗಟ್ಟಿ ಕುಣಿದವು. ಎರಡು ಮೂರು ಕಾಳು ತಾಟು ದಾಟಿ ಮುದುಕಿಯ ಹೊದಿಕೆಯ ಮೇಲೆ ಬಿದ್ದವು.

ರಹಿಮತಬಿ ನೋಡುತ್ತ ನಿಂತಳು. ಬಿರುಕಿನ ಪಕ್ಕದ ಗೋಡೆಗೆ ಸುತ್ತಿಗೆಯಿಂದ ಮೆಲ್ಲಗೆ ಒಂದು ಪೆಟ್ಟು ಕೊಟ್ಟಳು. ಠಪ್. ಒಂದು ಮೊಳ ಮೇಲೆ. ಠಪ್. ಗಿಲಾವಿನ ಹಿಂದೆ ಕಲ್ಲು ಮಣ್ಣು ಬಿಟ್ಟು ನಿಂತಿದ್ದವು. ಗಾಜಿಗೆ ತಿಳಿಯದ್ದು ಕೈಗೆ ತಿಳಿಯಿತು: ಗೋಡೆ ಅಡ್ಡಕ್ಕೆ ಸೀಳುತ್ತಿರಲಿಲ್ಲ, ಹೊಟ್ಟೆ ಬಿಟ್ಟುಕೊಂಡು ಮಂಚದ ಕಡೆಗೆ ಬಾಗುತ್ತಿತ್ತು. ಜಂತೆಯವರೆಗೆ ಎಲ್ಲಿ ಬಡಿದರೂ ಸತ್ತ ದನಿ.

ಆಗ ಅವಳಿಗೆ ಗುಂಡಿ ನೆನಪಾಯಿತು. ಖಾರದ ಪುಡಿ ಪಾಕೀಟು ಮಾಡಿ ಮಾರುವ ಲೈಸೆನ್ಸಿಗೆಂದು ಎರಡು ವರ್ಷದ ಹಿಂದೆ ನೆಲ ತೊಳೆಯುವಂತೆ ಮಾಡಬೇಕಾಗಿತ್ತು. ಗುಂಡಿಯ ಮರಳು ಖಾರ ಕುಡಿದು ಕೆಂಪಾಗಿ, ಹುಳ ಬಿದ್ದು ನಾರುತ್ತಿತ್ತು. ಎಲ್ಲ ಎತ್ತಿ ಚೆಲ್ಲಿ, ನಾಲ್ಕೂ ಕಡೆ ಕಾಂಕ್ರೀಟು ತುಂಬಿಸಿ, ಗೋಡೆಯ ಬುಡದವರೆಗೆ ಒಂದೇ ಸಮ ಮಾಡಿಸಿದ್ದಳು. ಗೌಂಡಿ ರಫೀಕ್ ಕೈ ತಡೆದು, "ಭಾಭಿ, ದಾದಾ ಈ ಗುಂಡಿ ಯಾಕ ಬಿಟ್ಟಿದ್ರು, ಯಾರನ್ನರ ಕೇಳೂಣು" ಎಂದಿದ್ದ. "ಗುಂಡಿ ನಂದು, ಸಿಮೆಂಟು ನಂದು. ನಿಂದು ಕರಣಿ ಅಷ್ಟ" ಎಂದು ಅವನ ಬಾಯಿ ಮುಚ್ಚಿಸಿದ್ದಳು. ಹೊಡೆತ ಮರಳಿನಲ್ಲಿ ಹೂತುಹೋಗಲಿ ಎಂದು ಗಂಡ ಬಿಟ್ಟ ತೆರಪನ್ನು ತಾನೇ ಕಲ್ಲು ಮಾಡಿ, ಒನಕೆಯ ಪೆಟ್ಟಿಗೆ ಗೋಡೆಯವರೆಗೆ ದಾರಿ ಹಾಸಿಕೊಟ್ಟಿದ್ದಳು. ಹಳಿಯ ಮೇಲೆ ಕಿವಿಯಿಟ್ಟು ಬೆಳೆದವಳು! ತನ್ನ ಮೇಲೆ ತನಗೇ ಸಿಟ್ಟು ಬಂತು, ಆ ಸಿಟ್ಟನ್ನು ಯಾರ ಮೇಲೆ ತೀರಿಸುವುದೆಂದು ತಿಳಿಯಲಿಲ್ಲ.

"ನೋಡಿದೇನು?" ಎಂದಳು ಸುಶೀಲವ್ವ.

"ನೋಡಿದೆ." ಗೋಡೆಗೆ ಬಾಯಿ ಹಚ್ಚಿ ಮಗಳಿಗೆ ಗಿರಣಿ ನಿಲ್ಲಿಸಲು ಹೇಳಿದಳು.

ಪಡಸಾಲೆಯಲ್ಲಿ ರುದ್ರಮುನಿ ಕಾಗದ ಮುಗಿಸಿ ಸಹಿಗೆ ಕಾಯುತ್ತಿದ್ದ. ರಹಿಮತಬಿ ಸಹಿ ಹಾಕಿದಳು. ಒಂದು ಪ್ರತಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮನಸ್ಸಿನಲ್ಲಿ ಇದ್ದದ್ದನ್ನು ಹೇಳುವ ಧೈರ್ಯ ಅವಳಿಗೆ ಆಗಲಿಲ್ಲ. ಹೇಳಿದರೆ ಗಿರಣಿಗೆ ಬೀಗ. ಸುಮ್ಮನಿದ್ದರೆ ಮುದುಕಿಯ ಮೇಲೆ ಗೋಡೆ. ಅಪ್ಪ ಬೈದ ಬೈಗುಳ ತನಗೇ ಬಂದು ತಗುಲಿತು.

"ಸಾವಕಾರ್ರ, ನಿಮ್ಮವ್ವನ ಮಂಚ ಈಗ ಎತ್ತಿ ಇಲ್ಲಿ ಹಾಕ್ರಿ. ಆ ಗ್ವಾಡಿ ನಿಂದ್ರಂಗಿಲ್ಲ."

ಕರಬಸಪ್ಪ ಬಾಯಿ ಬಿಟ್ಟ. "ಈಗರ ಗ್ವಾಡಿಗೆ ಏನೂ ಆಗಿಲ್ಲ ಅಂದಿ. ಕಾಗದ ಬರಿಸಿಕೊಂಡಿ. ಈಗ ಬೀಳ್ತೈತಿ ಅಂತಿ? ನನ್ನ ಮನಿಯಾಗ ನನ್ನವ್ವ ಎಲ್ಲಿ ಮಲಗಬೇಕು ಅನ್ನೂದು ನೀ ಹೇಳ್ತಿಯಾ? ಹೊರಗ ನಡಿ!"

"ಬಡದು ನೋಡೀನಿ, ಬೀಳ್ತೈತಿ."

"ನಡಿ ಅಂದ್ನಿ!"

ಮಾತು ಮನೆ ಕೆಡಿಸಿತು ಎಂಬ ಗಾದೆ ಇವರಿಬ್ಬರನ್ನು ನೋಡಿಯೇ ಹುಟ್ಟಿರಬೇಕು. ರಹಿಮತಬಿ ಹೊರಗೆ ನಡೆಯಲಿಲ್ಲ. ಮಗಳನ್ನು ಕೂಗಿ ಕರೆದಳು. ತಾಯಿ ಮಗಳು ಒಳಗೆ ಹೋಗಿ, ಸುಶೀಲವ್ವನ ಸಮೇತ ಮಂಚದ ತಲೆಯ ಕಡೆ ಎರಡು ಕಾಲು ಎತ್ತಿದರು. ಕರಬಸಪ್ಪ ಅಡ್ಡ ನಿಂತು ಪೊಲೀಸರ ಹೆಸರು ಹೇಳಿದ. ರುದ್ರಮುನಿ ಒಮ್ಮೆ ಅವನ ಮುಖ, ಒಮ್ಮೆ ಗೋಡೆ ನೋಡಿ, ಸುತ್ತಿಗೆ ಇಸಿದುಕೊಂಡು ತಾನೂ ಒಂದು ಪೆಟ್ಟು ಬಡಿದ. ಠಪ್ಪೆಂದ ಸದ್ದಿಗೆ ಅವನ ಮುಖ ಇಳಿಯಿತು. ಮಂಚದ ಕಾಲಿನ ಕಡೆ ಹಿಡಿದ.

"ಮೆಲ್ಲಕ, ಮೂಳರ! ಹೆಣಾ ಒಯ್ಯಾಕತ್ತಂಗ ಒಯ್ಯಬ್ಯಾಡ್ರಿ!" ಎಂದು ಮುದುಕಿ ಮೇಲಿನಿಂದ ಬೈಯುತ್ತಿದ್ದಳು. ಒಂದು ಕೈಯಲ್ಲಿ ಕುಟ್ಟಾಣಿ, ಇನ್ನೊಂದರಲ್ಲಿ ಸಾಸಿವೆಯ ತಾಟು.

ಮರುದಿನ ಸಾಲು ಹಚ್ಚಿದ ಹೆಂಗಸರಿಗೆ ರಹಿಮತಬಿ, "ಮೋಟರ್ ಸುಟ್ಟೈತಿ, ಬ್ಯಾರೆ ಕಡೆ ಹೋಗ್ರಿ" ಎಂದಳು. ಹಂಗಾಮಿನ ನಡುವೆ ಗಿರಣಿ ನಿಂತಿತು. ಹೆಂಗಸರು ಬುಟ್ಟಿ ಎತ್ತಿಕೊಂಡು ಆಚೆ ಓಣಿಯ ಗಿರಣಿಗೆ ಹೋದರು. ಕಣ್ಣಮುಂದೆ ಹೋಗುವ ಆ ಬುಟ್ಟಿಗಳನ್ನು ನೋಡುವುದು ಅವಳಿಗೆ ಸಂಕಟವಾಯಿತು.

ಮೂರನೆಯ ದಿನ ಮಧ್ಯಾಹ್ನ ಮೆಣಸಿನಕಾಯಿ ಚೀಲ ಹೇರಿದ ಒಂದು ಟ್ರ್ಯಾಕ್ಟರ್ ಓಣಿಯಲ್ಲಿ ಹೋಯಿತು. ಹೋದದ್ದು ಅಷ್ಟೇ. ಗೋಡೆ ಮೊದಲು ನೆಟಿಗೆ ಮುರಿದಂತೆ ಎರಡು ಸಲ ಸದ್ದು ಮಾಡಿ, ಆಮೇಲೆ ಪೂರಾ ಕರಬಸಪ್ಪನ ಕಡೆಗೆ ಮಲಗಿತು. ಧೂಳು ಇಳಿದಾಗ ಎರಡು ಮನೆ ಒಂದಾಗಿದ್ದವು. ಮಂಚ ಇದ್ದ ಜಾಗದಲ್ಲಿ ಎದೆಮಟ್ಟ ಕಲ್ಲುಮಣ್ಣು ಬಿದ್ದಿತ್ತು.

ಆ ಮಣ್ಣಿನ ಗುಡ್ಡ ಹತ್ತಿ ಕರಬಸಪ್ಪ ಈ ಕಡೆ ಇಳಿದ. ತಲೆ ಮೀಸೆ ಎಲ್ಲ ಬೆಳ್ಳಗೆ. ಕೈಯಲ್ಲಿ ರುದ್ರಮುನಿಯ ಕಾಗದ.

"ಇದರಾಗ ಬರದೈತಿ, ಗಿರಣಿ ದೋಷ ಅಲ್ಲ ಅಂತ. ಹಂಗಾದ್ರ ಯಾರದು? ಹೇಳು, ಯಾರದು? ನನ್ನವ್ವ ಅಲ್ಲಿ ಮಲಗಿದ್ರ..." ಜಗಳಕ್ಕೆ ಬಂದವನು, ಅವಳು ಒಂದಕ್ಕೆರಡು ತಿರುಗಿಸುತ್ತಾಳೆಂದು ತಯಾರಾಗಿಯೇ ನಿಂತಿದ್ದ.

ರಹಿಮತಬಿ ಸೊಂಟದಿಂದ ತನ್ನ ಪ್ರತಿ ತೆಗೆದು ಅವನ ಕೈಗೆ ಹಾಕಿದಳು. "ನಂದು."

"ಏನು?"

"ತಪ್ಪು ನಂದು. ಗುಂಡಿ ಮುಚ್ಚಿಸಿದಾಕಿ ನಾನು. ನಿಮ್ಮ ಗ್ವಾಡಿ ಕೆಡವಿದಾಕಿ ನಾನು. ಗಾಜು ನೀವು ಒಡದಿಲ್ಲ, ನನಗ ಅವತ್ತ ಗೊತ್ತಾಗಿತ್ತು. ತಪ್ಪಾತು."

ಐವತ್ನಾಲ್ಕು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಹೊರಟದ್ದು ಅದೇ ಮೊದಲು. ಕರಬಸಪ್ಪ ಎರಡು ಕಾಗದ ಹಿಡಿದು ನಿಂತ. ಬೈಯಲು ಬಾಯಿ ತೆರೆದ, ಧೂಳಿಗೆ ಒಂದು ಸೀನು ಬಂತು. ಮತ್ತೆ ಗುಡ್ಡ ಹತ್ತಿ ಆಚೆ ಇಳಿದುಹೋದ. ಪುರಸಭೆಗೆ ಹೋಗಿ ಬೀಗ ಹಾಕಿಸುತ್ತಾನೆಂದು ಅವಳು ಸಂಜೆವರೆಗೆ ಕಾದಳು. ಯಾರೂ ಬರಲಿಲ್ಲ.

ರಫೀಕ್‌ನನ್ನು ಕರೆಸಿದಳು. ಬೀಳುವ ಗೋಡೆ ಇಲ್ಲದ್ದರಿಂದ ಹಾರೆ ಹೊಡೆಯಲು ಅಂಜಿಕೆ ಇರಲಿಲ್ಲ. ತಾನೂ ಒಂದು ಹಾರೆ ಹಿಡಿದಳು. ಎರಡು ವರ್ಷದ ಕಾಂಕ್ರೀಟು ಸುಲಭಕ್ಕೆ ಬಗ್ಗಲಿಲ್ಲ. ಹಾರೆಯ ಪ್ರತಿ ಪೆಟ್ಟೂ ಕೈಗುಂಟ ಏರಿ ಹೆಗಲು, ಹಲ್ಲು, ಕಿವಿಯ ಬುಡದವರೆಗೆ ಬಂತು. ಸುಶೀಲವ್ವ ಎರಡು ವರ್ಷ ಅನುಭವಿಸಿದ್ದು ಇದೇ ಎಂದು ಎರಡನೆಯ ದಿನ ಅವಳಿಗೆ ಅರ್ಥವಾಯಿತು. ರಫೀಕ್ ಗುಂಡಿ ಮುಚ್ಚಿದ ದಿನದ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಹಾರೆ ಅವನ ಮೇಲೇ ತಿರುಗುತ್ತಿತ್ತೋ ಏನೋ.

ಗೋಡೆಯಿಲ್ಲದ ಆ ದಿನಗಳಲ್ಲಿ ಸುಶೀಲವ್ವನಿಗೆ ಪಡಸಾಲೆಯ ಮಂಚದಿಂದಲೇ ಗಿರಣಿಯವರೆಗೆ ಕಾಣುತ್ತಿತ್ತು. "ಮರಳು ಜರಡಿ ಹಿಡೀರಿ! ಕಾಸೀಮ ಹಿಡದಿದ್ದ!" ಎಂದು ಅಲ್ಲಿಂದಲೇ ಮೇಸ್ತ್ರಿಕೆ ನಡೆಸಿದಳು. ರಹಿಮತಬಿ ಹಲ್ಲು ಕಚ್ಚಿಕೊಂಡು ಜರಡಿ ಹಿಡಿದಳು. ಹೊಸ ಗೋಡೆಯನ್ನು ಎರಡು ಮನೆಯವರೂ ಕೂಡಿ ಇಟ್ಟಿಗೆಯಲ್ಲಿ ಕಟ್ಟಿಸಿದರು, ಒಂದು ಮಾತೂ ಆಡದೆ. ಏನಾದರೂ ಕೇಳಬೇಕಾದರೆ ಕರಬಸಪ್ಪ ರಫೀಕ್‌ಗೆ ಹೇಳುತ್ತಿದ್ದ, ರಹಿಮತಬಿ ಮೂರು ಮೊಳ ದೂರ ನಿಂತಿದ್ದರೂ. ಮುದುಕಿಯ ಹಟಕ್ಕೆ ಹೊಸ ಗೋಡೆಯಲ್ಲೂ ಮಂಚದ ಹತ್ತಿರ ಒಂದು ಗೂಡು ಬಿಟ್ಟರು.

ಗಿರಣಿ ಮತ್ತೆ ಹೂಡುವ ದಿನ ಹಂಗಾಮು ಮುಗಿಯಲು ಬಂದಿತ್ತು. ಸುಶೀಲವ್ವನ ಮಂಚ ಹಳೆಯ ಜಾಗಕ್ಕೆ ಬಂತು. ಗೂಡಿನಲ್ಲಿ ತಾಟು, ತಾಟಿನಲ್ಲಿ ಸಾಸಿವೆ. ಕರಬಸಪ್ಪ ಕಟ್ಟಿದ ಕೈ ಬಿಚ್ಚದೆ ತಾಟಿನ ಎದುರು ನಿಂತ. ಆಚೆಯಿಂದ ಮೋಟರ್ ಗುರ್ರೆಂದಿತು, ನಾಲ್ಕು ಒನಕೆ ಒಂದರ ಹಿಂದೊಂದು ಬಿದ್ದವು. ಸಾಸಿವೆ ಅಲುಗಲಿಲ್ಲ. ಕರಬಸಪ್ಪ ಇನ್ನೂ ಹತ್ತಿರ ಬಗ್ಗಿದ. ಆಗ ಕಾಳುಗಳು ಒಮ್ಮೆ ಪುಟಿದವು. ಮತ್ತೊಮ್ಮೆ ಪುಟಿದವು.

"ಅಲ್ಲಾಡಾಕತ್ತಾವ! ಏ ರಹಿಮತಬಿ, ಬಾ ಇಲ್ಲಿ! ಅಲ್ಲಾಡಾಕತ್ತಾವ ನೋಡು!" ಓಣಿಗೆಲ್ಲ ಕೇಳುವಂತೆ ಕೂಗಿದ. ದನಿಯಲ್ಲಿ ಎಷ್ಟೋ ದಿನ ಕಾದಿಟ್ಟ ಸಂತೋಷವಿತ್ತು. "ತಪ್ಪಾತು ಅಂತ ನಾಟಕಾ ಮಾಡಿದಾಕಿ! ಬೀಗಾ ಹಾಕಸ್ತೇನಿ ಇವತ್ತ!"

ರಹಿಮತಬಿ ಖಾರ ಮೆತ್ತಿದ ಕೈಯಲ್ಲೇ ಓಡಿ ಬಂದಳು. ತಾಟು ನೋಡಿದಳು. ಕಾಳುಗಳು ಪುಟಿಯುತ್ತಿದ್ದವು. ಇಷ್ಟೆಲ್ಲ ಅಗೆದದ್ದು, ಹಂಗಾಮು ಕಳೆದದ್ದು, ತಪ್ಪಾತು ಎಂದು ನಾಲಿಗೆ ಸುಟ್ಟುಕೊಂಡದ್ದು, ಎಲ್ಲವೂ ಹೋಯಿತೇ? ಆಮೇಲೆ ಕಿವಿಗೊಟ್ಟಳು. ಒನಕೆಯ ಲೆಕ್ಕವೇ ಬೇರೆ, ಸಾಸಿವೆಯ ಲೆಕ್ಕವೇ ಬೇರೆ ಇತ್ತು. ತಾಟಿನಿಂದ ಕಣ್ಣು ತೆಗೆದು ಗೂಡಿನ ಮೂಲೆಗೆ ನೋಡಿದಳು.

ಅಲ್ಲಿ ಸುಶೀಲವ್ವನ ಕುಟ್ಟಾಣಿ ಕೂತಿತ್ತು. ಮುದುಕಿ ಮಲಗಿದಲ್ಲೇ ಕೈ ಚಾಚಿ, ಯಾರ ಗೊಡವೆಯೂ ಇಲ್ಲದೆ ಅಡಿಕೆ ಕುಟ್ಟುತ್ತಿದ್ದಳು.

ರಹಿಮತಬಿ ಮುದುಕಿಯ ಕೈಯಿಂದ ಕಬ್ಬಿಣದ ಕಡ್ಡಿ ಇಸಿದುಕೊಂಡು ಹಿಡಿದಳು. ಗಿರಣಿ ಕುಟ್ಟುತ್ತಲೇ ಇತ್ತು. ಸಾಸಿವೆ ನಿಂತಿತು. ಕರಬಸಪ್ಪ ತಾಟು ನೋಡಿದ, ಕಡ್ಡಿ ನೋಡಿದ, ತಾಯಿಯನ್ನು ನೋಡಿದ.

"ಈಗ ಅನ್ರಿ ಸಾವಕಾರ್ರ" ಎಂದಳು ರಹಿಮತಬಿ. "ನಾ ಅಂದ ಮಾತು ನೀವೂ ಒಮ್ಮೆ ಅನ್ರಿ."

ಅವನು ಜೇಬಿನಿಂದ ಕರವಸ್ತ್ರ ತೆಗೆದು, ಬಾರದ ಸೀನಿಗಾಗಿ ಮೂಗು ಮುಚ್ಚಿಕೊಂಡ. ಮುದುಕಿ ತನ್ನ ಕಡ್ಡಿಗಾಗಿ ಕೈ ಚಾಚಿದಳು. ರಹಿಮತಬಿ ಕೊಡದೆ, ಆಚೆ ಗಿರಣಿಗೆ ಸಾಲು ಹಚ್ಚಿದ ಹೆಂಗಸರು ಕೂಗುತ್ತಿದ್ದರೂ ಹೋಗದೆ, ಅವನ ಬಾಯಿಯನ್ನೇ ನೋಡುತ್ತ ಅಲ್ಲೇ ನಿಂತುಕೊಂಡಳು.